ಬೀಗರ ಗಾಡಿಗೆ ಕೀಲೆಣ್ಣಿ

ಹಳೆಯ ಕಾರನ್ನು ಯಾರ ಹತ್ತಿರ ಬೇಕಾದರೂ ಕೊಳ್ಳಿ, ಬೀಗರ ಹತ್ತಿರ ಮಾತ್ರ ಕೊಳ್ಳಬೇಡಿ. ದಲ್ಲಾಳಿ ಕೊಟ್ಟ ಗಾಡಿ ಕೆಟ್ಟರೆ ಅವನ ಅಂಗಡಿ ಮುಂದೆ ನಿಂತು ಬಾಯಿಗೆ ಬಂದಂತೆ ಬೈಯಬಹುದು. ಗುರುತಿಲ್ಲದವನು ಕೊಟ್ಟರೆ ಊರ ತುಂಬ ಅವನ ಮಾನ ಹರಾಜು ಹಾಕಬಹುದು. ಬೀಗರು ಕೊಟ್ಟ ಗಾಡಿ ಕೆಟ್ಟರೆ ಹಲ್ಲು ಕಿಸಿದು ‘ಭಾಳ ಚಲೋ ಅದ್ರಿ’ ಅನ್ನುವುದೊಂದೇ ದಾರಿ. ಯಾಕೆಂದರೆ ನಿಮ್ಮ ಮಗಳು ಅವರ ಮನೆಯಲ್ಲಿದ್ದಾಳೆ.

ಶಹಾಪುರದ ಹೈಸ್ಕೂಲಿನ ಗಣಿತ ಮಾಸ್ತರ ಖಂಡಪ್ಪನಿಗೆ ಈ ಬುದ್ಧಿ ಬರುವ ಹೊತ್ತಿಗೆ ಸುರಪುರದ ಬೀಗ ಭಾಗಣ್ಣನ ಬಿಳಿ ಟರ್ಬೊ ಡೀಸೆಲ್ ಕಾರು ಅವನ ಮನೆ ಮುಂದೆ ಬಂದು ನಿಂತಾಗಿತ್ತು. ಭಾಗಣ್ಣ ಹೊಸ ಕಾರು ತಗೊಂಡಿದ್ದ. ಹಳೆಯದನ್ನು ಹೊರಗಿನವರಿಗೆ ಮಾರಲು ಮನಸ್ಸಾಗದೆ ಬೀಗನಿಗೇ ಮಾರಿ, ಶಾಲು ಹೊದಿಸಿ, ತೆಂಗಿನಕಾಯಿ ಜೊತೆ ಚಾವಿಯನ್ನು ಖಂಡಪ್ಪನ ಕೈಗಿಟ್ಟಿದ್ದ. “ಇದು ಗಾಡಿ ಅಲ್ರಿ ಬೀಗರ, ನನ್ನ ಹಿರಿ ಮಗ. ಜ್ವಾಕಿ” ಅಂದಾಗ ಅವನ ಕಣ್ಣಲ್ಲಿ ನೀರೂ ಬಂದಿತ್ತು. ಹಿರಿ ಮಗನನ್ನು ಹೀಗೆ ಒಪ್ಪಿಸಿ ಹೋದವನಿಗೆ ಮರುದಿನವೇ ಫೋನ್ ಮಾಡಿ ‘ನಿಮ್ಮ ಮಗನಿಗೆ ಕೆಮ್ಮು’ ಅನ್ನುವುದಕ್ಕಾಗುತ್ತದೆಯೇ?

ಆದರೆ ಕೆಮ್ಮು ಇದ್ದದ್ದು ನಿಜ. ಬೆಳಿಗ್ಗೆ ಚಾವಿ ತಿರುಗಿಸಿದ ಕೂಡಲೇ ಎಂಜಿನ್ನಿನ ಒಳಗಿಂದ ಟಿಕ್ ಟಿಕ್ ಅಂತ ಸದ್ದು. ಏರು ಬಂತೆಂದರೆ ಕಾಲ ಕೆಳಗಿನ ಪೆಡಲ್ ನೆಲಕ್ಕೆ ಮುಟ್ಟಿದರೂ ಗಾಡಿ ಯೋಚನೆ ಮಾಡುತ್ತಾ ಹತ್ತುತ್ತಿತ್ತು. ಹುಟ್ಟಿದಾಗಿನಿಂದ ಮೋಪೆಡ್ಡಿಗಿಂತ ದೊಡ್ಡದೇನನ್ನೂ ಓಡಿಸದ ಖಂಡಪ್ಪ, ಕಾರುಗಳ ಸ್ವಭಾವವೇ ಇಷ್ಟಿರಬೇಕು ಅಂದುಕೊಂಡು ಕೆಲವು ದಿನ ಸುಮ್ಮನಿದ್ದ. ಹೆಂಡತಿ ಬಸ್ಸಮ್ಮ ಸುಮ್ಮನಿರುವ ಪೈಕಿ ಅಲ್ಲ. “ಬಾಜೂದಾಗ ಎತ್ತಿನ ಬಂಡಿ ಹಿಂದ ಹಾಕಿ ಹೋತು, ನೋಡಿದ್ರಿಲ್ಲ?” ಅಂತ ಒಂದು ದಿನ ಕೇಳಿದಳು. ಆಮೇಲೆ ಅವನು ಗಾಡಿಯನ್ನು ಬಸ್ ಸ್ಟ್ಯಾಂಡ್ ಹಿಂದಿನ ಲಾಡ್ಲೇಸಾಬನ ಗ್ಯಾರೇಜಿಗೆ ಒಯ್ದ.

ಲಾಡ್ಲೇಸಾಬ ಬಾನೆಟ್ ತೆಗೆಯುವ ಮೊದಲೇ ಅಭಿಪ್ರಾಯ ಹೇಳುವ ಮೇಸ್ತ್ರಿ. ಆವತ್ತು ಮಾತ್ರ ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ, ಅದರ ಒಳಮೈಯನ್ನು ಹೆಬ್ಬೆರಳಿಂದ ಒರೆಸಿ ಒರೆಸಿ ನೋಡಿದ.

“ಸರ್, ಒಳಗ ವಾರ್ನಿಶ್ ಹತ್ತೇದ್ರಿ” ಅಂದ ಕೊನೆಗೆ.

“ವಾರ್ನಿಶ್ ಬಾಗಲಿಗೆ ಹಚ್ತಾರ. ಎಂಜಿನ್ನಿಗೆ ಯಾರು ಹಚ್ಚಿದ್ರು?”

“ಯಾರೂ ಹಚ್ಚಂಗಿಲ್ರಿ, ತಾನ ಹತ್ತತದ. ಎಣ್ಣಿ ಕಾದು ಕಾದು ಕಬ್ಬಿಣಕ್ಕ ಅಂಟಿ ಕೂಡ್ತದ. ಭಜಿ ಅಂಗಡ್ಯಾಗಿನ ಕಡಾಯಿ ನೋಡೀರಿಲ್ಲ? ಅದರಾಗ ಇದು ಟರ್ಬೊ ಗಾಡಿ. ಒಲಿ ಜಾಸ್ತಿ.” ಲಾಡ್ಲೇಸಾಬ ಮುಚ್ಚಳವನ್ನು ಬೆಳಕಿಗೆ ಹಿಡಿದ. ಒಳಮೈಗೆ ಬೆಲ್ಲದ ಪಾಕ ಬಳಿದಂತೆ ಕಂದು ಬಣ್ಣದ ಪದರ. ಉಗುರು ಹಾಕಿ ಕೆರೆದರೂ ಬರಲಿಲ್ಲ.

“ಹಿಂಗ ಬಿಟ್ರ?”

“ಗಾಳಿ ಊದೋ ಟರ್ಬೊ ಹೋಗ್ತದ್ರಿ. ಅದು ಹೋತಂದ್ರ ಎಂಜಿನ್ ಬಿಚ್ಚಬೇಕು. ಗಾಡಿ ಇಲ್ಲೇ ನನ್ನ ಹತ್ರ ಎರಡು ತಿಂಗಳು ಬಿದ್ದಿರ್ತದ.”

ಎರಡು ತಿಂಗಳು ಅಂದಾಗ ಖಂಡಪ್ಪ ಮನಸ್ಸಿನಲ್ಲೇ ದಿನ ಎಣಿಸಿದ. ಬರುವ ಹುಣ್ಣಿಮೆಗೆ ಮಗಳು ಸುಜಾತಾಳ ಕುಬಸ. ಅಂದರೆ ಸುರಪುರಕ್ಕೆ ಹೋಗಿ, ಬಸುರಿ ಮಗಳಿಗೆ ತವರಿನ ಸೀರೆ-ಕುಬಸ ಉಡಿಸಿ, ಉಂಡು, ಚೊಚ್ಚಲ ಹೆರಿಗೆಗೆ ಆಕೆಯನ್ನು ಮನೆಗೆ ಕರೆತರುವ ದಿನ. ಭಾಗಣ್ಣ ಫೋನಿನಲ್ಲಿ ಆಗಲೇ ಹೇಳಿಬಿಟ್ಟಿದ್ದ: “ನಮ್ಮ ಸೊಸಿ ಮದುವಿ ಆಗಿ ಬಂದದ್ದು ಆ ಗಾಡ್ಯಾಗ. ಹೆರಿಗಿಗೆ ಹೋಗೂದೂ ಅದರಾಗೇ ಹೋಗಬೇಕು ನೋಡ್ರಿ ಬೀಗರ. ನಮ್ಮ ಅವ್ವ ಅಂತೂ ಅದೇ ಹಾದಿ ಕಾಯಾಕತ್ಯಾಳ.” ಇನ್ನು ಬಾಡಿಗೆ ಗಾಡಿ ಮಾಡಿಕೊಂಡು ಆ ಮನೆ ಮುಂದೆ ಇಳಿದರೆ ‘ನಮ್ಮ ಗಾಡಿ ಎಲ್ಲಿ?’ ಅನ್ನುತ್ತಾರೆ. ಗ್ಯಾರೇಜಿನಲ್ಲಿದೆ ಅಂದರೆ ‘ನಾವು ಕೆಟ್ಟ ಗಾಡಿ ಕೊಟ್ಟೆವೇನು?’ ಅನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಹೌದು ಅಂದರೂ ಕೆಡುಕು, ಅಲ್ಲ ಅಂದರೂ ಸುಳ್ಳು.

“ಎಂಜಿನ್ ಬಿಚ್ಚೂದು ಬ್ಯಾಡ. ಬ್ಯಾರೆ ಏನರ ಹಾದಿ ಹೇಳು” ಅಂದ ಖಂಡಪ್ಪ.

“ಎಣ್ಣಿನೇ ಹಾದಿರಿ. ಎಣ್ಣಿಲೇ ಹತ್ತಿದ್ದು ಎಣ್ಣಿಲೇ ಬಿಡಬೇಕು. ನಡ್ರಿ ಖಾಜಾಹುಸೇನನ ಅಂಗಡಿಗಿ.”

ಖಾಜಾಹುಸೇನನ ಅಪ್ಪ ಕೈಗಾಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದವನು. ಕಾಲುವೆ ಬಂತು, ಕಾಲುವೆ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರು, ಕಟಾವು ಮೆಷಿನ್ನು ಬಂದವು. ಅವುಗಳ ಹಿಂದೆ ಖಾಜಾಹುಸೇನನ ಅಂಗಡಿಗೆ ನೆಲದಿಂದ ಮಾಳಿಗೆವರೆಗೂ ಎಂಜಿನ್ ಎಣ್ಣೆಯ ಡಬ್ಬಿಗಳು ಬಂದವು. ಆ ಅಂಗಡಿಯಲ್ಲಿ ಸಲಹೆ ಪುಕ್ಕಟೆ, ಅದೂ ಧಾರಾಳ. ಖಂಡಪ್ಪ ಬಾಯಿ ಬಿಟ್ಟದ್ದೇ ತಡ, ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದವರೆಲ್ಲ ಎಂಜಿನ್ ತಜ್ಞರಾದರು. ಒಬ್ಬ ಹಸಿರು ಡಬ್ಬಿ ಅಂದ, ಒಬ್ಬ ಕೆಂಪು ಡಬ್ಬಿ ಅಂದ. ಇನ್ನೊಬ್ಬ ತನ್ನ ಟ್ರ್ಯಾಕ್ಟರಿಗೆ ಎಣ್ಣೆ ಬದಲಿಸಿದ್ದೇ ಇಲ್ಲ, ಆದರೂ ಗೂಳಿ ಹಾಗೆ ಐತಿ ಅಂದ. ಅವನ ಟ್ರ್ಯಾಕ್ಟರು ಹೊರಗೆ ನಿಂತಿತ್ತು. ಅದನ್ನು ಶುರು ಮಾಡಲು ಆಮೇಲೆ ಎಲ್ಲರೂ ಹೋಗಿ ತಳ್ಳಬೇಕಾಯಿತು.

ಖಂಡಪ್ಪನಿಗೆ ಡಬ್ಬಿಗಳ ಮೇಲಿನ ಅಂಕಿಗಳನ್ನು ನೋಡಿ ಖುಷಿಯಾಗಿತ್ತು. ಅಂಕಿ ಅಂದರೆ ತನ್ನ ಸೀಮೆ. ಐದು, ಮೂವತ್ತು, ಹದಿನೈದು, ನಲವತ್ತು. ಕೂಡಿಸಿ ನೋಡಿದ, ಕಳೆದು ನೋಡಿದ, ಯಾವ ಲೆಕ್ಕಕ್ಕೂ ಹತ್ತಲಿಲ್ಲ.

“ಈ ದಪ್ಪಂದು ಒಯ್ರಿ ಸರ್” ಅಂದ ಖಾಜಾಹುಸೇನ, ಕಟಾವು ಮೆಷಿನ್ನಿನ ಎಣ್ಣೆ ಡಬ್ಬಿಯನ್ನು ತಟ್ಟಿ. “ಹಾಕಿ ನೋಡ್ರಿ, ಟಿಕ್ ಟಿಕ್ ಬಂದ್.”

“ಸದ್ದು ಮುಚ್ಚತದ, ಹೊಲಸು ಹೋಗಂಗಿಲ್ಲ” ಅಂದ ಲಾಡ್ಲೇಸಾಬ. “ನಾ ಹೇಳ್ತೀನಿ ಕೇಳ್ರಿ. ತೊಳಿಯೋ ಕಡಕ್ ಎಣ್ಣಿ ಒಂದು ಬರ್ತದ. ಇಲ್ಲಾಂದ್ರ ಸೀಮಿಎಣ್ಣಿ ಬೆರಸಿ ಹಾಕಿ, ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಸ್ತೀನಿ. ಒಳಗಿಂದೆಲ್ಲ ಒಮ್ಮಿಗೇ ಕಿತ್ತು ಬರ್ತದ. ಸಂಜಿತನ ಎಂಜಿನ್ ಚಕಾಚಕ್.”

ಒಮ್ಮಿಗೇ ಅನ್ನುವ ಮಾತು ಖಂಡಪ್ಪನ ಕಿವಿಯಲ್ಲಿ ನಿಂತಿತು. ಆ ಮಾತಿನ ಜೊತೆ ಅವನಿಗೆ ಹಳೆಯ ಜಗಳವಿತ್ತು. ವಡಗೇರಾ ಕಡೆ ಅವನದು ಎರಡೆಕರೆ ಹೊಲ, ಉಪಕಾಲುವೆಯ ಕಟ್ಟಕಡೆಯದು. ಎಲ್ಲರೂ ಟೇಲೆಂಡ್ ಅನ್ನುವ ಜಾಗ. ನೀರು ನಿಂತ ತಿಂಗಳುಗಳಲ್ಲಿ ಕಾಲುವೆ ತುಂಬ ಜೊಂಡು, ಜಾಲಿ ಟೊಂಗೆ, ಪ್ಲಾಸ್ಟಿಕ್ಕು, ಯಾರದೋ ಒಂಟಿ ಚಪ್ಪಲಿ ಕೂಡಿರುತ್ತವೆ. ಒಂದು ವರ್ಷ ಗೇಟನ್ನು ಒಮ್ಮೆಲೇ ಪೂರ್ತಿ ಎತ್ತಿಬಿಟ್ಟರು. ಮೇಲಿನ ಹೊಲಗಳ ಪಾಲಿಗೆ ಕಾಲುವೆ ತೊಳೆದಂತಾಯಿತು. ಆ ಕಸವೆಲ್ಲ ನೊರೆಯೊಂದಿಗೆ ಹರಿದು ಬಂದು ಖಂಡಪ್ಪನ ಹೊಲದ ಪೈಪಿಗೆ ಬಡಿದು ಕೂತಿತು. ಊರೆಲ್ಲ ನೀರು, ಅವನ ಗದ್ದೆಗೆ ಹನಿ ಇಲ್ಲ. ಗೇಟು ಎತ್ತಿದ ಅಧಿಕಾರಿ ಯಾರೆಂದು ಹುಡುಕಿಕೊಂಡು ಸುರಪುರಕ್ಕೆ ಜಗಳಕ್ಕೆ ಹೋದ. ಆ ಅಧಿಕಾರಿಯೇ ಭಾಗಣ್ಣ. ಜಗಳ ಅರ್ಧಕ್ಕೆ ಬಂದಾಗ ಭಾಗಣ್ಣನ ತಾಯಿ ಚಹಾ ತಂದಳು. ಚಹಾ ಆದ ಮೇಲೆ ಊಟ, ಊಟ ಆದ ಮೇಲೆ ಮಕ್ಕಳ ಮಾತು. ಹೀಗೆ ಜಗಳಕ್ಕೆ ಹೋದವನು ಬೀಗನಾಗಿ ತಿರುಗಿ ಬಂದಿದ್ದ.

“ಲಾಡ್ಲೇಸಾಬ, ಎಂಜಿನ್ನಾಗ ಟೇಲೆಂಡ್ ಯಾವದು?” ಅಂತ ಕೇಳಿದ.

ಲಾಡ್ಲೇಸಾಬ ತಲೆ ಕೆರೆದ. “ಟೇಲೆಂಡಂದ್ರ... ಟರ್ಬೊನೇ ಅನ್ರಿ. ಅದಕ್ಕ ಎಣ್ಣಿ ಒಯ್ಯೋ ಪೈಪು ಸಣ್ಣದು.”

“ಒಮ್ಮಿಗೇ ಕಿತ್ತು ಬಂದ ಕಸ ಎಲ್ಲಿ ಹೋಗಿ ಕೂಡ್ತದ?”

ಅಂಗಡಿಯಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಕಾಲುವೆ ಕೆಳಗಿನ ರೈತರು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಲಾಡ್ಲೇಸಾಬ ಗಡ್ಡ ನೀವಿಕೊಂಡು ನಕ್ಕುಬಿಟ್ಟ. “ಖರೇ ಅದ್ರಿ ಸರ್. ಎರಡು ಗಾಡಿ ಹಂಗೇ ಹೋಗ್ಯಾವ ನನ್ನ ಕೈಯಾಗ. ಯಾಕ ಹೋದವು ಅಂತ ಈಗ ತಿಳೀತು ನೋಡ್ರಿ.” ಆಮೇಲೆ ಇಬ್ಬರೂ ಸೇರಿ ಕಂಪನಿಯವರು ಆ ಗಾಡಿಗೆ ಬರೆದಿಟ್ಟ ಅಂಕಿಯನ್ನೇ ಹಿಡಿದರು: ತೆಳು, ಪೂರ್ತಿ ಸಿಂಥೆಟಿಕ್, ಒಳ್ಳೆಯ ದರ್ಜೆಯ ಎಣ್ಣೆ. ಅದು ಹೊಲಸನ್ನು ಕೀಳುವುದಿಲ್ಲ, ದಿನಾ ಒಂದಿಷ್ಟು ನೆನೆಸಿ ಬಿಡಿಸುತ್ತದೆ. ಬೇಗ ಬೇಗ ಬಸಿಯಬೇಕು, ಪ್ರತಿ ಸಲ ಫಿಲ್ಟರ್ ಹೊಸದು ಹಾಕಬೇಕು. “ಗೇಟು ಜರಾ ಜರಾ ಎತ್ತೂದು” ಅಂದ ಖಾಜಾಹುಸೇನ. ಕಟಾವು ಮೆಷಿನ್ನಿನ ಡಬ್ಬಿಯನ್ನು ಬೇಸರದಿಂದಲೇ ಮೇಲಿಟ್ಟ.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಗ್ಯಾರೇಜಿಗೆ ಬಂದು, ಎಂಜಿನ್ ಕೆಳಗಿನ ಬಿರಡೆ ಬಿಚ್ಚಿ ಹಳೆಯ ಎಣ್ಣೆಯನ್ನು ತಗಡಿನ ಬುಟ್ಟಿಗೆ ಬಸಿದಾಗ ಲಾಡ್ಲೇಸಾಬ ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. ಬೆರಳಿಗೆ ಹಚ್ಚಿ ಎಳೆದ. ಎಳೆ ಎಳೆಯಾಗಿ ಬಂತು.

“ಸರ್, ಇದರಾಗ ಔಡಲೆಣ್ಣಿ ಅದ.”

ಖಂಡಪ್ಪನೂ ಮೂಸಿದ. ಅನುಮಾನವೇ ಇಲ್ಲ. ಚಿಕ್ಕವನಿದ್ದಾಗ ಮೂಗು ಹಿಡಿದು ಕುಡಿಸುತ್ತಿದ್ದ, ಹೊಟ್ಟೆ ತೊಳೆಯುವ ಅದೇ ಹರಳೆಣ್ಣೆ.

“ಅದಕ್ಕ ಇಷ್ಟು ಅಂಟಾಗೇದ. ಔಡಲೆಣ್ಣಿ ಎಂಜಿನ್ ಬಿಸಿಗೆ ಗೋಂದ ಆಗ್ತದ” ಅಂದ ಲಾಡ್ಲೇಸಾಬ. “ಗಾಡಿ ಮಾರೋ ಮುಂದ ಕೆಲವರು ಹಿಂಗ ಮಂದಂದು ಏನರ ಹಾಕ್ತಾರ್ರಿ, ಸದ್ದು ಕೇಳಬಾರದಂತ...” ಅನ್ನುತ್ತಿದ್ದವನು ಮಾರಿದವರು ಯಾರೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಬಾಯಿಂದ ಬಿದ್ದ ಮಾತು ಆಗಲೇ ಬಿದ್ದಾಗಿತ್ತು.

ಮನೆಗೆ ಬಂದ ಖಂಡಪ್ಪ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟ. ಗಾಡಿಯ ಚಿಂತೆ ಈಗ ಸಣ್ಣದಾಗಿತ್ತು. ಶಾಲು ಹೊದಿಸಿ, ಕಣ್ಣಲ್ಲಿ ನೀರು ತಂದು, ಹಿರಿ ಮಗ ಅಂದು ಕೊಟ್ಟ ಮನುಷ್ಯ ಒಳಗೆ ಔಡಲೆಣ್ಣೆ ಹೊಯ್ದು ಕೊಟ್ಟನೇ? ಅಂಥವನ ಮನೆಗೆ ಮಗಳನ್ನು ಕೊಟ್ಟೆನೇ? ಅವನಿಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ದುಃಖವಾಗಿತ್ತು. ಭಾಗಣ್ಣನನ್ನು ಅವನು ನಿಜವಾಗಿ ಇಷ್ಟಪಟ್ಟಿದ್ದ.

ಬಸ್ಸಮ್ಮ ಎಲ್ಲ ಕೇಳಿ, ಪಲ್ಯ ಇನ್ನಷ್ಟು ಬಡಿಸಿದಳು. “ನೀವು ಮೂಸಿದ್ದು ಎಣ್ಣಿ. ಮಂದೀನ್ನ ಅಲ್ಲ” ಅಂದಳು.

“ಹಂಗಂದ್ರ?”

“ಹಂಗಂದ್ರ ಕುಬಸ ಮುಗಿಯೂತನಕ ಬಾಯಿ ಮುಚ್ಚಿಕೊಂಡಿರ್ರಿ. ನೀವು ಒಂದು ಮಾತಾಡಿ ಬರ್ತೀರಿ, ಆಕಿ ಅಲ್ಲಿ ದಿನಾ ಆ ಮಾತಿನ ಕೂಡ ಬಾಳೇ ಮಾಡಬೇಕು.”

ಮಾತು ಸರಿಯಾಗಿತ್ತು. ಖಂಡಪ್ಪ ಬಾಯಿ ಮುಚ್ಚಿದ. ಆದರೆ ಭಾಗಣ್ಣನಿಗೆ ದಿನ ಬಿಟ್ಟು ದಿನ ಫೋನ್ ಮಾಡುವ ಚಟ. “ಹ್ಯಾಂಗದಾನ್ರಿ ನಮ್ಮ ಹಿರಿ ಮಗ?” ಅನ್ನುತ್ತಿದ್ದ. “ಬೆಣ್ಣಿ ಇದ್ದಂಗ ಅದಾನ್ರಿ” ಅನ್ನುತ್ತಿದ್ದ ಖಂಡಪ್ಪ, ಹಲ್ಲು ಕಡಿದು. ಆ ಕಡೆಯಿಂದ ಖುಷಿಯ ನಗು ಕೇಳಿದಾಗಲೆಲ್ಲ ಅವನಿಗೆ, ಇಷ್ಟು ಚೆನ್ನಾಗಿ ನಗುವವನು ಮೋಸಗಾರನಾಗಿರಲಿಕ್ಕಿಲ್ಲ ಅನ್ನಿಸುತ್ತಿತ್ತು. ಫೋನ್ ಇಟ್ಟ ಮೇಲೆ, ಮೋಸಗಾರರೇ ಚೆನ್ನಾಗಿ ನಗುವುದು ಅನ್ನಿಸುತ್ತಿತ್ತು.

ಇತ್ತ ಎಣ್ಣೆ ತನ್ನ ಕೆಲಸ ಶುರು ಮಾಡಿತ್ತು. ಅದರ ಒಂದು ಕರಾರೆಂದರೆ ಎಂಜಿನ್ ಚೆನ್ನಾಗಿ ಕಾದು ದೂರ ಓಡಬೇಕು. ಓಣಿಯಲ್ಲಿ ಹೋಗಿ ಕಾಯಿಪಲ್ಯ ತಂದರೆ ನಡೆಯುವುದಿಲ್ಲ. ಶಾಲೆ ಬಿಟ್ಟ ಮೇಲೆ ದಿನಾ ಎಲ್ಲಿಗೆ ಹೋಗುವುದು? ಖಾಲಿ ಗಾಡಿ ಓಡಿಸಲು ಮನಸ್ಸು ಬಾರದೆ ಖಂಡಪ್ಪ ಓಣಿಯವರನ್ನು ಕೇಳತೊಡಗಿದ: “ಯಾದಗಿರಿ ಟೇಶನ್ನಿಗೆ ಯಾರರ ಹೋಗೋರಿದ್ದೀರೇನ್ರಿ?” ಮೊದಮೊದಲು ಜನ ಹಿಂಜರಿದರು. ಪುಕ್ಕಟೆ ಅಂತ ಗೊತ್ತಾದ ಮೇಲೆ ಎಂದೂ ಊರು ಬಿಡದವರಿಗೆಲ್ಲ ಯಾದಗಿರಿಯಲ್ಲಿ ಕೆಲಸ ಹುಟ್ಟಿಕೊಂಡಿತು. ಕೆಂಭಾವಿ ಸಂತೆಗೆ ಹೋದರೆ ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರು, ಅವರ ತೊಡೆಯ ಮೇಲೆ ಮೂರು ಚೀಲ, ಡಿಕ್ಕಿಯಲ್ಲಿ ಒಂದು ಆಡು. ಆಡು ದಾರಿಯುದ್ದಕ್ಕೂ ಮಾತಾಡಿತು. ಹೆಂಗಸರು ಅದಕ್ಕಿಂತ ಹೆಚ್ಚು ಮಾತಾಡಿದರು. ಒಬ್ಬಾಕೆ ಇಳಿಯುವಾಗ, “ಮಾಸ್ತರ್ರ, ನಿಮ್ಮ ಎಂಜಿನ್ ಲಗೂನ ಸ್ವಚ್ಛ ಆಗದಿರಲಿ” ಅಂತ ಹರಸಿದಳು.

ಎರಡನೇ ಸಲ ಬಸಿದಾಗ ಎಣ್ಣೆ ಡಾಂಬರಿನಂತೆ ಕಪ್ಪಾಗಿ ಬಂತು. ಲಾಡ್ಲೇಸಾಬ ಸಂತೋಷದಿಂದ ಕೂಗಿದ: “ಬಿಡಾಕತ್ತದ್ರಿ ಸರ್!” ಮೂರನೇ ಸಲ ಔಡಲದ ವಾಸನೆ ಹುಡುಕಿದರೂ ಸಿಗಲಿಲ್ಲ. ಮುಚ್ಚಳದ ಒಳಮೈಯ ಅಂಚಿನಲ್ಲಿ ಬೆಳ್ಳಗೆ ಲೋಹ ಕಂಡಿತು. ಬೆಳಗಿನ ಟಿಕ್ ಟಿಕ್ ಕಡಿಮೆಯಾಗಿ, ಒಂದು ದಿನ ನಿಂತೇ ಹೋಯಿತು. ಆ ದಿನ ಖಂಡಪ್ಪ ಚಾವಿ ತಿರುಗಿಸಿ, ಆರಿಸಿ, ಮತ್ತೆ ತಿರುಗಿಸಿ, ಸದ್ದು ಇಲ್ಲದಿರುವುದನ್ನೇ ಕಿವಿಗೊಟ್ಟು ಕೇಳುತ್ತ ಕೂತ. ಶಾಲೆಗೆ ತಡವಾಯಿತು.

ಹುಣ್ಣಿಮೆ ದಿನ ಗಾಡಿ ಸುರಪುರದ ಏರನ್ನು ಹಾಡುತ್ತ ಹತ್ತಿತು. ಬಸ್ಸಮ್ಮನ ಮಡಿಲಲ್ಲಿ ಹಸಿರು ಸೀರೆ, ಹಿಂದೆ ಹೋಳಿಗೆ ಬುಟ್ಟಿ, ಡಿಕ್ಕಿಯಲ್ಲಿ ಉಳಿದ ಎಣ್ಣೆಯ ಡಬ್ಬಿ. “ಬಾಯಿ” ಅಂದಳು ಬಸ್ಸಮ್ಮ. “ಮುಚ್ಚೇದ” ಅಂದ ಖಂಡಪ್ಪ.

ಭಾಗಣ್ಣ ಓಡಿ ಬಂದು ಮೊದಲು ಗಾಡಿಯನ್ನು ತಬ್ಬಿದ, ಆಮೇಲೆ ಬೀಗನನ್ನು. ಅಂಗಳದಲ್ಲಿ ಅವನ ಹೊಸ ಕಾರು ಮಿಂಚುತ್ತ ನಿಂತಿತ್ತು. ಕುಬಸ ಚೆನ್ನಾಗಿ ನಡೆಯಿತು. ಹಸಿರು ಸೀರೆಯಲ್ಲಿ ತುಂಬಿದ ಹೊಟ್ಟೆಯ ಮಗಳನ್ನು ಖಂಡಪ್ಪ ನೋಡುತ್ತಲೇ ಕೂತ. ಊಟಕ್ಕೆ ಕೂತಾಗ ಭಾಗಣ್ಣನ ತಾಯಿ ತಿಮ್ಮವ್ವ ತಾನೇ ಹೋಳಿಗೆ ಬುಟ್ಟಿ ಹಿಡಿದು ಬಂದಳು. ಬೆನ್ನು ಬಾಗಿದ್ದರೂ ಕೈ ಬಾಗದ ಮುದುಕಿ. “ಸಾಕ್ರಿ ಅವ್ವಾರ, ಹೊಟ್ಟಿ ತುಂಬೇದ” ಅಂತ ಖಂಡಪ್ಪ ಎರಡೂ ಕೈಯಲ್ಲಿ ತಾಟು ಮುಚ್ಚಿದ. ಬೆರಳ ಸಂದಿಯಲ್ಲೇ ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ. ಈ ಸೀಮೆಯಲ್ಲಿ ಹೊಟ್ಟೆ ತುಂಬಿದೆ ಅನ್ನುವುದನ್ನು ಯಾರೂ ಮಾತೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊರಡುವ ಹೊತ್ತಾಯಿತು. ಭಾಗಣ್ಣ ಬಂದು ತಾನಾಗಿಯೇ ಬಾನೆಟ್ ಎತ್ತಿ ನಿಲ್ಲಿಸಿದ. “ನಮ್ಮವ್ವ ಮನಿ ಹೆಣ್ಮಕ್ಕಳು ಹೋಗೋ ಮುಂದ ಎಂಜಿನ್ನಿಗೂ ಕುಂಕುಮ ಹಚ್ತಾಳ್ರಿ. ಹಳೀ ಮಂದಿ, ಹಚ್ಚಲಿ ಬಿಡ್ರಿ” ಅಂತ ನಗುತ್ತ ಸೊಸೆಯ ಚೀಲ ತರಲು ಒಳಗೆ ಹೋದ. ತಿಮ್ಮವ್ವ ಆರತಿ ತಟ್ಟೆ ಹಿಡಿದು ಬಂದಳು. ಎಂಜಿನ್ನಿಗೆ ಕುಂಕುಮ ಹಚ್ಚಿದಳು. ಆಮೇಲೆ ಸೆರಗಿನ ಮರೆಯಿಂದ ಒಂದು ಬಾಟಲಿ ತೆಗೆದು, ಎಡಗೈಯಲ್ಲಿ ಎಣ್ಣೆಯ ಮುಚ್ಚಳವನ್ನು ಸಲೀಸಾಗಿ ತಿರುಗಿಸಿ ಬಿಚ್ಚಿದಳು.

ಔಡಲದ ವಾಸನೆ ಗಾಳಿಯಲ್ಲಿ ಬಂದು ಖಂಡಪ್ಪನ ಮೂಗಿಗೆ ಬಡಿಯಿತು.

“ಅವ್ವಾರ! ಏನ್ ಮಾಡಾಕತ್ತೀರಿ?”

“ಕೀಲೆಣ್ಣಿ ಹಾಕಾಕತ್ತೇನಿ, ಯಪ್ಪಾ” ಅಂದಳು ತಿಮ್ಮವ್ವ. “ಬಂಡಿ ಇದ್ದಾಗ ಅಚ್ಚಿಗೆ ಔಡಲೆಣ್ಣಿ ಹಾಕದೇ ಮನಿ ಹೆಣ್ಮಗಳನ್ನ ಕಳಿಸಿದವರಲ್ಲ ನಾವು. ಕೀಲು ಕಿರಗುಟ್ಟಬಾರದು, ಹಾದ್ಯಾಗ ಬಂಡಿ ನಿಂದ್ರಬಾರದು. ಈಗ ಬಂಡಿ ಹೋಗಿ ಇದು ಬಂದದ. ಎಲ್ಲಿ ಹಾಕಬೇಕಂತ ಕಂಪನಿಯವರು ತಾವ ತೋರಿಸ್ಯಾರ, ನೋಡಿಲ್ಲಿ.” ಮುಚ್ಚಳದ ಮೇಲಿನ ಚಿತ್ರಕ್ಕೆ ಬೆರಳಿಟ್ಟಳು. ಮೂತಿ ಉದ್ದನೆಯ ಎಣ್ಣೆ ಪಾತ್ರೆ, ತುದಿಗೆ ಒಂದು ಹನಿ. “ದೀಪದ ಚಿತ್ರ ತೆಗದಾರ. ನಮ್ಮಂಥ ಓದು ಬಾರದವರಿಗಿ ತಿಳೀಲಿ ಅಂತ. ಮಗಳು ಹೋಗಲಿ, ಮೊಮ್ಮಕ್ಕಳು ಹೋಗಲಿ, ಪ್ರತಿ ಸಲ ನಾನ ಕಾಸಿದ ಎಣ್ಣಿ ಒಂದು ಗುಟುಕು ಹಾಕೇ ಕಳಸೇನಿ. ಒಂದು ದಿನಾನೂ ಹಾದ್ಯಾಗ ನಿಂತಿಲ್ಲ.”

ಖಂಡಪ್ಪನ ಎದೆಯಿಂದ ಇಷ್ಟು ದಿನದ ಬಂಡೆಗಲ್ಲೊಂದು ಜಾರಿ ಬಿತ್ತು. ಭಾಗಣ್ಣ ಮೋಸ ಮಾಡಿಲ್ಲ! ಅವನಿಗೆ ಗೊತ್ತೇ ಇಲ್ಲ! ಕುಣಿಯಬೇಕು ಅನ್ನಿಸಿತು, ಒಳಗೆ ಹೋಗಿ ಬೀಗನ ಕಾಲು ಹಿಡಿಯಬೇಕು ಅನ್ನಿಸಿತು. ಆದರೆ ಕುಣಿಯಲು ಹೊತ್ತಿರಲಿಲ್ಲ. ಬಾಟಲಿ ವಾಲುತ್ತಿತ್ತು. ಮೂರು ಸಲ ಬಸಿದು, ಆಡಿನ ಜೊತೆಗೆಲ್ಲ ಊರೂರು ತಿರುಗಿ ತೊಳೆದ ಎಂಜಿನ್ನಿನ ಬಾಯಿಗೆ ಅದೇ ಎಣ್ಣೆ ಬೀಳಲಿತ್ತು. ಬೇಡ ಅಂದರೆ, ಇಷ್ಟು ವರ್ಷ ಪ್ರೀತಿಯಿಂದ ಹಾಕಿದ್ದು ವಿಷ ಅಂತ ಕುಬಸದ ದಿನ ಎಲ್ಲರೆದುರು ಮುದುಕಿಗೆ ಹೇಳಿದಂತಾಗುತ್ತದೆ.

“ಅವ್ವಾರ, ಅದಕ್ಕ ಎಣ್ಣಿ ತುಂಬೇದ್ರಿ. ಇನ್ನ ಹಿಡಿಯಂಗಿಲ್ಲ” ಅಂದ.

“ನಿನಗೂ ಹೊಟ್ಟಿ ತುಂಬಿತ್ತು. ನಾ ಬಡಸೂದು ಬಿಟ್ನೇನು?”

ಖಂಡಪ್ಪ ಗಾಡಿಯ ಹಿಂದಕ್ಕೆ ಓಡಿದ. ಡಿಕ್ಕಿಯಿಂದ ಎಣ್ಣೆ ಡಬ್ಬಿ ತಂದು, “ಇದನ್ನ ಹಾಕ್ರಿ, ನಿಮ್ಮ ಕೈಯಿಂದನ ಹಾಕ್ರಿ” ಅಂದ. ತಿಮ್ಮವ್ವ ಮೂಸಿ ನೋಡಿ, “ಇದಕ್ಕ ವಾಸನೀನೇ ಇಲ್ಲ, ಇದೆಂಥ ಎಣ್ಣಿ” ಅಂತ ಪಕ್ಕಕ್ಕೆ ಸರಿಸಿದಳು. ಬಸ್ಸಮ್ಮ ಗಂಡನ ಮುಖ ನೋಡಿದಳು. ಆಕೆಗೆ ಎಲ್ಲ ಅರ್ಥವಾಗಿ ನಗು ಉಕ್ಕಿ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿ ನಿಂತಳು. ಕಷ್ಟಕಾಲದಲ್ಲಿ ಹೆಂಡತಿಯಿಂದ ಸಿಕ್ಕ ಸಹಾಯ ಅಷ್ಟೇ.

ಬಾಟಲಿಯ ಬಾಯಿ ಎಂಜಿನ್ನಿನ ಬಾಯಿಗೆ ಬಂದಾಗ ಸುಜಾತಾ ಮೆಲ್ಲಗೆ ಬಂದು ಮುದುಕಿಯ ಮುಂಗೈ ಹಿಡಿದಳು. ಆಕೆಗೆ ವಾರ್ನಿಶ್ಶಿನ ಕಥೆ ಗೊತ್ತಿರಲಿಲ್ಲ. ಅಪ್ಪನ ಮುಖ ಮಾತ್ರ ಗೊತ್ತಿತ್ತು. ಲೆಕ್ಕ ತಪ್ಪಿದ್ದು ಕಂಡೂ ಬಾಯಿಬಿಡಲಾಗದ ಮುಖ ಅದು.

“ಆಯಿ, ಆ ಗಾಡಿ ಹೊರೂದು ಯಾರನ್ನ?” ಅಂತ ಕೇಳಿದಳು.

“ನಿನ್ನ. ಮತ್ತ್ಯಾರನ್ನ?”

“ಮತ್ತ ನಿನ್ನ ಮರಿಮೊಮ್ಮಗನ್ನ ಹೊತ್ತದ್ದು ಯಾರು? ನಾನು. ಹಂಗಂದ್ರ ಖರೇ ಬಂಡಿ ನಾನ ಅಲ್ಲೇನು? ನನ್ನ ಕೀಲೆಲ್ಲ ನೋಯಾಕತ್ತಾವ. ನನಗ ಹಾಕದೇ ಅದಕ್ಕ ಹಾಕ್ತೀ?”

ಹಾಗೆಂದವಳೇ ಮೆಟ್ಟಿಲ ಮೇಲೆ ಕೂತು ತಲೆ ಬಗ್ಗಿಸಿದಳು. ತಿಮ್ಮವ್ವನ ಕೈ ಗಾಳಿಯಲ್ಲೇ ನಿಂತಿತು. ಎಂಜಿನ್ ನೋಡಿದಳು, ಬಾಟಲಿ ನೋಡಿದಳು, ಬಗ್ಗಿದ ತಲೆ ನೋಡಿದಳು. “ಅಯ್ಯ ನನ್ನವ್ವ, ಇದು ನನಗ ತಿಳೀಲೇ ಇಲ್ಲಲ್ಲ” ಅಂದು ಮೇಲಿನ ಮೆಟ್ಟಿಲಿಗೆ ಕೂತಳು. ಮುಡಿದ ಹೂ ತೆಗೆದಿಟ್ಟು, ನೆತ್ತಿಯ ಮೇಲೆ ಎಣ್ಣೆ ಸುರಿದು ತಟ್ಟಿದಳು. ಕುತ್ತಿಗೆ, ಭುಜ, ಮೊಣಕೈ, ಬೆರಳಿನ ಗೆಣ್ಣು, ಎಲ್ಲ ಕೀಲುಗಳಿಗೂ ಹಚ್ಚಿ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಅತ್ತಳು. “ಹಾದ್ಯಾಗ ನಿಂದ್ರಬ್ಯಾಡ ಮಗಳ, ಸುಸೂತ್ರ ಹೋಗಿ ಸುಸೂತ್ರ ಬಾ” ಅಂದಳು. ಸುಜಾತಾಳ ಕಣ್ಣೂ ತುಂಬಿತ್ತು. ಬಾಟಲಿ ಖಾಲಿಯಾಯಿತು.

ಖಂಡಪ್ಪ ಈ ಗಡಿಬಿಡಿಯಲ್ಲಿ ಮುಚ್ಚಳ ತಿರುಗಿಸಿ ಬಿಗಿ ಮಾಡಿ ಬಾನೆಟ್ ಮುಚ್ಚಿದ. ಚೀಲ ತಂದ ಭಾಗಣ್ಣನನ್ನು ಪಕ್ಕಕ್ಕೆ ಕರೆದು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದನೆಂದು ಭಾಗಣ್ಣನಿಗೆ ತಿಳಿಯಲಿಲ್ಲ.

“ಬೀಗರ, ಒಂದು ಮಾತು. ನಿಮ್ಮ ಹೊಸ ಗಾಡಿದು ಎಣ್ಣಿ ಮುಚ್ಚಳ ಬಿಚ್ಚಿ ಒಮ್ಮಿ ಮೂಸಿ ನೋಡ್ರಿ.”

“ಯಾಕ್ರಿ?” ಅಂದ ಭಾಗಣ್ಣ. ಖಾಲಿ ಬಾಟಲಿ ನೋಡಿದ, ತಾಯಿಯನ್ನು ನೋಡಿದ, ಮಿಂಚುವ ಹೊಸ ಕಾರು ನೋಡಿದ. ಅವನ ಬಾಯಿ ತೆರೆದೇ ಉಳಿಯಿತು. ಆಮೇಲೆ ಇಬ್ಬರೂ ನಗಲು ಶುರು ಮಾಡಿದರು. ಒಬ್ಬರ ಭುಜದ ಮೇಲೆ ಒಬ್ಬರು ತಲೆ ಇಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಹುಚ್ಚ ಹಿಡೀತೇನು ಇವರಿಗಿ” ಅಂದಳು ತಿಮ್ಮವ್ವ. “ಲಾಡ್ಲೇಸಾಬ ಅಂತ ಒಬ್ಬ ಅದಾನ, ನಂಬರ್ ಕೊಡ್ತೀನಿ” ಅಂದ ಖಂಡಪ್ಪ, ಉಸಿರು ತಿರುಗಿದ ಮೇಲೆ.

ಗಾಡಿ ಸುರಪುರದ ಗುಡ್ಡ ಇಳಿದು ಕಾಲುವೆ ಬ್ರಿಜ್ ದಾಟಿತು. ಎಂಜಿನ್ನಿನಿಂದ ಒಂದು ಟಿಕ್ ಕೂಡ ಇಲ್ಲ. ಹಿಂದಿನ ಸೀಟಿನಲ್ಲಿ ಸುಜಾತಾ ಎಣ್ಣೆ ಸುರಿಯುವ ತಲೆಯನ್ನು ಅವ್ವನ ಭುಜಕ್ಕಿಟ್ಟು ನಿದ್ದೆ ಹೋಗಿದ್ದಳು. ದೂರದಲ್ಲಿ ಮಲಗಿದ ಬುದ್ಧನ ಆಕಾರದ ಶಹಾಪುರದ ಬೆಟ್ಟದ ಸಾಲು ಸಂಜೆಯ ಬಿಸಿಲಿನಲ್ಲಿ ಕಂಡಿತು. ಗಾಡಿಯ ತುಂಬ ಔಡಲೆಣ್ಣೆಯ ವಾಸನೆ.

“ಸೀಟಿಗೆಲ್ಲ ಹತ್ತೇದ. ತಿಂಗಳಾದ್ರೂ ಹೋಗಂಗಿಲ್ಲ ಈ ವಾಸನಿ” ಅನ್ನುತ್ತ ಬಸ್ಸಮ್ಮ ಗಾಜು ಇಳಿಸಿದಳು.

ಖಂಡಪ್ಪ ತನ್ನ ಪಕ್ಕದ ಗುಂಡಿ ಒತ್ತಿ ಆಕೆಯ ಗಾಜನ್ನು ಮತ್ತೆ ಏರಿಸಿದ.

“ಇರಲಿ ಬಿಡು” ಅಂದ. “ಹೊರಗ ಹೋಗೂದು ಬ್ಯಾಡ.”